ಕೈಗಡಿಯಾರವು ಮೇಜಿನ ಗಡಿಯಾರವಾಗುವ ಬಗೆ



ಕೈಗೆ ಕಟ್ಟಿದ ಗಡಿಯಾರವು ಕಟ್ಟಿದವರೊಬ್ಬರಿಗೆ ಮಾತ್ರ ವೇಳೆಯನ್ನು ತಿಳಿಸುವುದು. ಮೇಜಿನ ಮೇಲೆ ನಿಲ್ಲಿಸಿದ ಗಡಿಯಾರವು ಮನೆಯವರೆಲ್ಲರಿಗೂ ತಿಳಿಸುವುದು. ಒಳಗಿನ ಯಂತ್ರವು ಎರಡರಲ್ಲಿಯೂ ಒಂದೇ ಬಗೆಯದಾಗಿರಬಹುದು; ಆದರೂ ಅದು ಇರುವ ಸ್ಥಾನವು ಬದಲಾದೊಡನೆ ಅದರ ಉಪಕಾರದ ವ್ಯಾಪ್ತಿಯೂ ಬದಲಾಗುವುದು. ಹೀಗಿರಲಾಗಿ, ಹಗಲಿನಲ್ಲಿ ಕೈಯ ಮೇಲಿದ್ದು ರಾತ್ರಿಯಲ್ಲಿ ಮೇಜಿನ ಮೇಲೆ ನಿಲ್ಲಬಲ್ಲ ಗಡಿಯಾರವನ್ನು ರಚಿಸುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಇದು ಹಣವುಳ್ಳವರ ವಿನೋದಕ್ಕಾಗಿ ಹುಟ್ಟಿದ ಪ್ರಶ್ನೆಯೆಂದು ಕೆಲವರಿಗೆ ತೋರಬಹುದು. ಆದರೆ ಬೆಳಗೋಡಿನ ಸುತ್ತಣ ಸೀಮೆಯನ್ನು ನೆನೆಯಿರಿ. ಜೂನಿನಿಂದ ಸೆಪ್ಟೆಂಬರಿನ ವರೆಗೆ ಮಳೆಯು ಬಲವಾಗಿ ಹೊಡೆಯುವುದು. ಮರ ಬಿದ್ದು ತಂತಿ ಹರಿದರೆ ದೀಪವಿಲ್ಲ. ದೀಪವಿಲ್ಲದೆ ಹೋದರೆ ಮೊಬೈಲ್ ಫೋನಿಗೆ ಚಾರ್ಜೂ ಇಲ್ಲ. ಚಾರ್ಜಿದ್ದರೂ ಮನೆಯ ಯಜಮಾನನು ಬೆಳಿಗ್ಗೆ ತೋಟಕ್ಕೆ ಹೊರಟಾಗ ಫೋನು ಅವನ ಸಂಗಡ ಹೋಗುವುದು. ಇನ್ನು ಪರೀಕ್ಷೆಗೆ ಓದುವ ಹುಡುಗಿಯು ವೇಳೆಯನ್ನು ನೋಡುವುದಕ್ಕೆಂದು ಫೋನನ್ನು ಕೈಗೆತ್ತಿಕೊಂಡರೆ, ನೋಡಬೇಕಾದ ವೇಳೆಯೇ ಅದರೊಳಗೆ ಕಳೆದುಹೋಗುವುದುಂಟು. ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಏಳುವ ತಾಯಿಗೂ, ಮೊದಲ ಬಸ್ಸನ್ನು ಹಿಡಿಯತಕ್ಕ ಅಣ್ಣನಿಗೂ, ವೇಳೆಗೆ ಸರಿಯಾಗಿ ಔಷಧ ತೆಗೆದುಕೊಳ್ಳಬೇಕಾದ ಅಜ್ಜಿಗೂ ವೇಳೆ ಬೇಕು. ಮನೆಯಲ್ಲಿ ಇರುವ ಒಂದು ಗಡಿಯಾರವು ಒಬ್ಬರ ಮಣಿಕಟ್ಟಿನಲ್ಲಿಯೇ ಮಲಗಿಬಿಟ್ಟರೆ ಉಳಿದವರು ಕೋಳಿಯ ಕೂಗನ್ನೂ ಊಹೆಯನ್ನೂ ನಂಬಬೇಕಾಗುವುದು. ಆದಕಾರಣ ಒಂದು ಗಡಿಯಾರದಿಂದ ಎರಡು ಕೆಲಸಗಳನ್ನು ತೆಗೆಯುವುದು ಬಡತನದ ಉಪಾಯವಲ್ಲ, ವಿವೇಕದ ಉಪಾಯವೇ ಆಗಿದೆ.

೧. ಪೂರ್ವವೃತ್ತಾಂತ

ಗಡಿಯಾರವು ಮೊದಲು ಗೋಪುರದಲ್ಲಿಯೂ, ಬಳಿಕ ಗೋಡೆ ಮೇಜುಗಳ ಮೇಲೆಯೂ, ಆ ಬಳಿಕ ಜೇಬಿನಲ್ಲಿಯೂ, ಕಡೆಗೆ ಕೈಯ ಮೇಲೆಯೂ ಬಂದಿತು. ಕೈಯ ಮೇಲೆ ಬಂದುದಕ್ಕೆ ಸ್ತ್ರೀಯರೇ ಕಾರಣವೆಂಬುದನ್ನು ನೀವು ತಿಳಿದಿರಬೇಕು. ಪ್ಯಾರಿಸಿನ ಪ್ರಸಿದ್ಧ ಗಡಿಯಾರಶಿಲ್ಪಿಯಾದ ಬ್ರೆಗೆಯು ನೇಪಲ್ಸಿನ ರಾಣಿ ಕ್ಯಾರೊಲಿನ್ ಮ್ಯುರಾಳ ಬೇಡಿಕೆಯ ಮೇರೆಗೆ 1810ರಲ್ಲಿ ಆರಂಭಿಸಿ 1812ರಲ್ಲಿ ಒಂದು ಕೈಗಡಿಯಾರವನ್ನು ಮುಗಿಸಿಕೊಟ್ಟನು. ಅದಾದ ಮೇಲೆ ಬಹುಕಾಲದ ವರೆಗೆ ಪುರುಷರು ಕೈಗಡಿಯಾರವನ್ನು ಹೆಂಗಸರ ಬಳೆಯೆಂದು ಹಾಸ್ಯಮಾಡುತ್ತ ಜೇಬಿನ ಗಡಿಯಾರವನ್ನೇ ಮೆಚ್ಚಿಕೊಂಡಿದ್ದರು. 1914ರಿಂದ 1918ರ ವರೆಗೆ ನಡೆದ ಮಹಾಯುದ್ಧದಲ್ಲಿ ಕಂದಕಗಳಲ್ಲಿದ್ದ ಸೈನಿಕರಿಗೆ ಜೇಬಿಗೆ ಕೈಹಾಕುವ ಅವಕಾಶವಿಲ್ಲದೆ ಹೋದಾಗ ಆ ಹಾಸ್ಯವು ತಾನಾಗಿ ನಿಂತುಹೋಯಿತು.

ಒಂದೇ ಗಡಿಯಾರವನ್ನು ಎರಡು ರೀತಿಯಲ್ಲಿ ಬಳಸುವ ಆಲೋಚನೆಯೂ ಹೊಸದಲ್ಲ. 19ನೆಯ ಶತಮಾನದಲ್ಲಿ ಯೂರೋಪಿನ ಮನೆಗಳಲ್ಲಿ ಮರ, ಹಿತ್ತಾಳೆ, ಪಿಂಗಾಣಿಗಳಿಂದ ಮಾಡಿದ ಚಿಕ್ಕ ಪೀಠಗಳಿದ್ದುವು. ಹಗಲೆಲ್ಲ ಜೇಬಿನಲ್ಲಿದ್ದ ಗಡಿಯಾರವನ್ನು ರಾತ್ರಿ ಅದರಲ್ಲಿ ತೂಗುಹಾಕಿದರೆ ಅದೇ ಹಾಸಿಗೆಯ ಬಳಿಯ ಗಡಿಯಾರವಾಗುತ್ತಿತ್ತು. 1926ರಲ್ಲಿ ಸ್ವಿಟ್ಜರ್‌ಲೆಂಡಿನ ಮೊವಾಡೊ ಕಂಪೆನಿಯವರು ಎರ್ಮೆಟೊ ಎಂಬ ಗಡಿಯಾರವನ್ನು ಹೊರತಂದರು. ಇದು ಕೈಚೀಲದಲ್ಲಿ ಇಡತಕ್ಕದ್ದು. ಎರಡು ಹೋಳಾಗಿ ಜಾರಿ ತೆರೆಯುವ ಇದರ ಕವಚವನ್ನು ತೆರೆದು ಮುಚ್ಚಿದಾಗ ಒಳಗಿನ ಕಮಾನಿಗೆ ಕೀಲಿಯೂ ಕೊಟ್ಟಂತಾಗುತ್ತಿತ್ತು. ತೆರೆದು ಮೇಜಿನ ಮೇಲೆ ನಿಲ್ಲಿಸುವುದಕ್ಕೂ ಅನುಕೂಲವಿತ್ತು. 1931ರಲ್ಲಿ ಬಂದ ರಿವರ್ಸೊ ಎಂಬ ಕೈಗಡಿಯಾರಕ್ಕೆ ನಮ್ಮ ದೇಶದ ಸಂಬಂಧವೂ ಉಂಟು. ಆಗ ಇಂಡಿಯಾದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಪೋಲೋ ಆಡುವಾಗ ಅವರ ಗಡಿಯಾರಗಳ ಗಾಜು ಒಡೆಯುತ್ತಿತ್ತು. ಅದಕ್ಕಾಗಿ ಗಡಿಯಾರದ ಕವಚವು ತನ್ನ ಚೌಕಟ್ಟಿನೊಳಗೇ ಜಾರಿ ಮಗುಚಿಕೊಂಡು ಬೆನ್ನನ್ನು ಹೊರಗೆ ಮಾಡುವ ಉಪಾಯವನ್ನು ಕಲ್ಪಿಸಿದರು. ಪಟ್ಟಿಗೆ ಸೇರಿದ ಚೌಕಟ್ಟು ಬೇರೆ, ಯಂತ್ರವುಳ್ಳ ಕವಚ ಬೇರೆ ಎಂಬ ಈ ವಿಭಾಗವು ನಮ್ಮ ವಿಷಯದಲ್ಲಿ ಬಹಳ ಮುಖ್ಯವಾದದ್ದು.

2010ರಲ್ಲಿ ಬೊವೆ ಎಂಬ ಸ್ವಿಸ್ ಸಂಸ್ಥೆಯವರು ಅಮೆಡಿಯೊ ಎಂಬ ಹೆಸರಿನಿಂದ ನಮ್ಮ ಪ್ರಶ್ನೆಗೆ ನೇರವಾದ ಉತ್ತರವನ್ನು ಕೊಟ್ಟರು. ಅದರಲ್ಲಿ ಯಾವ ಉಪಕರಣವೂ ಇಲ್ಲದೆ ಪಟ್ಟಿಯನ್ನು ಬಿಡಿಸಬಹುದು. ಹಿಂಬದಿಯ ಮುಚ್ಚಳವನ್ನು ತೆರೆದರೆ ಅದೇ ಊರುಗಾಲಾಗಿ ನಿಂತು ಕೈಗಡಿಯಾರವು ಮೇಜಿನ ಗಡಿಯಾರವಾಗುವುದು. ಅದರ ಬೆಲೆಯು ನಮ್ಮಂಥವರ ಎಣಿಕೆಗೆ ಸಿಕ್ಕತಕ್ಕದ್ದಲ್ಲ. ಆದರೆ ಅದರ ಯುಕ್ತಿಯನ್ನು ಕಲಿಯುವುದಕ್ಕೆ ಬೆಲೆ ಕೊಡಬೇಕಾದದ್ದಿಲ್ಲ. 2015ರಲ್ಲಿ ಆಪಲ್ ಕಂಪೆನಿಯವರು ತಮ್ಮ ವಿದ್ಯುತ್ ಕೈಗಡಿಯಾರವನ್ನು ಚಾರ್ಜಿಗೆ ಸೇರಿಸಿ ಪಕ್ಕಕ್ಕೆ ಮಲಗಿಸಿದರೆ ಅಂಕಿಗಳು ತಾವೇ ತಿರುಗಿ ಹಾಸಿಗೆಯ ಬಳಿಯ ಗಡಿಯಾರದಂತೆ ಕಾಣುವ ಏರ್ಪಾಟನ್ನು ಮಾಡಿದರು.

ನಮ್ಮ ನಾಡಿನ ಉದ್ಯಮವನ್ನೂ ಇಲ್ಲಿ ಸ್ಮರಿಸತಕ್ಕದ್ದು. ಬೆಂಗಳೂರಿನ ಹಿಂದೂಸ್ತಾನ್ ಮಷಿನ್ ಟೂಲ್ಸ್, ಎಂದರೆ ಎಚ್.ಎಂ.ಟಿ. ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಕೈಗಡಿಯಾರಗಳ ನಿರ್ಮಾಣವನ್ನು ಆರಂಭಿಸಿತು. ಬಳಿಕ ತುಮಕೂರಿನಲ್ಲಿಯೂ ಅದರ ಕಾರ್ಖಾನೆ ನಡೆಯಿತು. ಸೂಕ್ಷ್ಮವಾದ ಭಾಗಗಳನ್ನು ಜೋಡಿಸುವ ಕೆಲಸದಲ್ಲಿ ಅನೇಕ ಸ್ತ್ರೀಯರು ಅಲ್ಲಿ ದುಡಿದರು. ಜನತಾ ಮೊದಲಾದ ಹೆಸರುಗಳಿಂದ ಬಂದ ಕೀಲಿ ಕೊಡುವ ಗಡಿಯಾರಗಳು ಎಷ್ಟೋ ಮನೆಗಳಿಗೆ ಮೊದಲ ಗಡಿಯಾರಗಳಾದುವು. 1983ರಲ್ಲಿ ಲಾಲ್‌ಬಾಗಿನಲ್ಲಿ ನಿಂತ ಹೂವಿನ ಗಡಿಯಾರವೂ ಇದೇ ಸಂಸ್ಥೆಯ ಕೊಡುಗೆ. ಒಬ್ಬರ ಕೈಗೆ ಸಣ್ಣದನ್ನು ಕೊಟ್ಟವರೇ ಊರಿನ ಕಣ್ಣಿಗೆ ದೊಡ್ಡದನ್ನೂ ಕೊಟ್ಟರೆಂಬುದು ಗಮನಾರ್ಹವಾದದ್ದು. ಈ ಸಂಸ್ಥೆಯ ಗಡಿಯಾರ ವಿಭಾಗವನ್ನು ಮುಚ್ಚುವ ತೀರ್ಮಾನವು 2016ರಲ್ಲಿ ಆಯಿತು. ನಮ್ಮ ಗಡಿಯ ಆಚೆ ಹೊಸೂರಿನಲ್ಲಿ ಟೈಟನ್ ಸಂಸ್ಥೆಯು ಗಡಿಯಾರಗಳನ್ನು ಮಾಡುತ್ತಿದೆ. ಅದು 2002ರಲ್ಲಿ ಹೊರತಂದ ಎಡ್ಜ್ ಎಂಬುದರ ಯಂತ್ರವು 1.15 ಮಿಲಿಮೀಟರ್ ಮಾತ್ರ ದಪ್ಪವಾದದ್ದು. ಯಂತ್ರವು ಇಷ್ಟು ತೆಳುವಾಗಬಲ್ಲುದಾದರೆ ಅದರ ಬೆನ್ನಿಗೆ ಮಡಚುವ ಕಾಲನ್ನು ಇಡುವುದಕ್ಕೆ ಸ್ಥಳವಿಲ್ಲವೆಂದು ಹೇಳುವ ಹಾಗಿಲ್ಲ.

೨. ಎರಡು ಗಡಿಯಾರಗಳ ಭೇದ

ವಿನ್ಯಾಸಕ್ಕೆ ತೊಡಗುವವರು ಎರಡರ ಭೇದಗಳನ್ನು ಮೊದಲು ಪಟ್ಟಿಮಾಡತಕ್ಕದ್ದು. ಕೈಗಡಿಯಾರವು ಹಗುರವಾಗಿರಬೇಕು, ಮೇಜಿನದಕ್ಕೆ ಅಲುಗಾಡದಷ್ಟು ನೆಲೆ ಬೇಕು. ಕೈಯದನ್ನು ಒಂದು ಮೊಳಕ್ಕಿಂತ ಹತ್ತಿರದಿಂದ ನೋಡುವೆವು. ಮೇಜಿನದನ್ನು ಎರಡು ಮೂರು ಮೊಳ ದೂರದಿಂದ ನೋಡುವೆವು. ಕೈಯದನ್ನು ನಮ್ಮ ಕಣ್ಣಿಗೆ ತಕ್ಕಂತೆ ತಿರುಗಿಸಿಕೊಳ್ಳುವೆವು. ಮೇಜಿನದು ತಾನಾಗಿ ನಮ್ಮ ಕಡೆಗೆ ಮುಖಮಾಡಿಕೊಂಡು ನಿಲ್ಲಬೇಕು. ಕೈಯದು ಬೆವರನ್ನೂ ಮಳೆಯನ್ನೂ ಸಹಿಸಬೇಕು. ಮೇಜಿನದು ಕತ್ತಲೆಯಲ್ಲಿ ಕಾಣಬೇಕು. ಈ ಭೇದಗಳಲ್ಲಿ ಒಂದನ್ನು ಮರೆತು ಮಾಡಿದ ವಸ್ತುವು ಎರಡು ಗಡಿಯಾರಗಳಾಗದೆ, ಒಂದೂ ಸರಿಯಾಗಿ ಆಗದೆ ಉಳಿಯುವುದು.

೩. ಮೂರು ಮಾರ್ಗಗಳು

ಕೈಗಡಿಯಾರವನ್ನು ನಿಲ್ಲಿಸುವುದಕ್ಕೆ ಮೂರು ಮಾರ್ಗಗಳಿವೆ.

ಮೊದಲನೆಯದು, ಪಟ್ಟಿಯನ್ನೇ ನೆಲೆಯಾಗಿ ಮಾಡುವುದು. ಉಕ್ಕಿನ ಸರಪಣಿಪಟ್ಟಿಯುಳ್ಳ ಗಡಿಯಾರವನ್ನು ಕೊಂಡಿ ಹಾಕಿ ಪಕ್ಕಕ್ಕೆ ಇಟ್ಟರೆ ಅದು ನಿಲ್ಲುವುದು. ಆದರೆ ಆಗ ಹನ್ನೆರಡರ ಗುರುತು ಮೇಲಿರದೆ ಪಕ್ಕಕ್ಕೆ ತಿರುಗಿರುವುದು. ಅಂಕಿಗಳನ್ನು ತಿರುಗಿಸಬಲ್ಲ ವಿದ್ಯುತ್ ಗಡಿಯಾರಕ್ಕೆ ಇದು ತೊಡಕಲ್ಲ; ಮುಳ್ಳಿನ ಗಡಿಯಾರಕ್ಕೆ ತೊಡಕೇ. ಅರೆನಿದ್ರೆಯಲ್ಲಿ ನೋಡಿದವರು ಮೂರು ಗಂಟೆಯನ್ನು ಹನ್ನೆರಡೆಂದು ತಿಳಿದಾರು. ಅಲ್ಲದೆ ಕೀಲಿಯ ಗುಂಡಿಯು ಮೂರರ ಬಳಿಯಲ್ಲಿ ಇರುವುದರಿಂದ ಆ ಕಡೆಯನ್ನು ಕೆಳಗೆ ಮಾಡಿದರೆ ಗುಂಡಿಯು ಮೇಜಿಗೆ ಒತ್ತುವುದು.

ಎರಡನೆಯದು, ಗಡಿಯಾರದ ಬೆನ್ನಿಗೇ ಒಂದು ಮಡಚುವ ಎಲೆಯನ್ನು, ಎಂದರೆ ತೆಳುವಾದ ಲೋಹದ ಕಾಲನ್ನು ಕೂಡಿಸುವುದು. ಪಟ್ಟಿಯನ್ನು ಬಿಡಿಸಿ, ಎಲೆಯನ್ನು ತೆರೆದು, ಮಡಚಿದ ಭಾವಚಿತ್ರದ ಚೌಕಟ್ಟನ್ನು ನಿಲ್ಲಿಸುವಂತೆ ನಿಲ್ಲಿಸಬಹುದು. ಹಾಸ್ಟೆಲಿನಲ್ಲಿರುವವರಿಗೂ ಪ್ರಯಾಣ ಮಾಡುವವರಿಗೂ ಇದು ಉತ್ತಮ. ಬೇರೆ ವಸ್ತುವನ್ನು ಹೊತ್ತುಕೊಂಡು ಹೋಗಬೇಕಾದದ್ದಿಲ್ಲ.

ಮೂರನೆಯದು, ಗಡಿಯಾರವನ್ನು ಮುಟ್ಟದೆ ಅದಕ್ಕೆ ತಕ್ಕ ಪೀಠವನ್ನು ಬೇರೆಯಾಗಿ ಮಾಡುವುದು. ಇದು ಹಳೆಯ ಜೇಬುಗಡಿಯಾರದ ಪೀಠದ ಮಾರ್ಗವೇ. ಮನೆಯಲ್ಲಿ ಈಗಾಗಲೇ ಇರುವ ಗಡಿಯಾರವನ್ನು ಎರಡು ಕೆಲಸಕ್ಕೆ ಹಚ್ಚುವುದಕ್ಕೆ ಇದಕ್ಕಿಂತ ಸುಲಭವೂ ನಿರಪಾಯವೂ ಆದ ಮಾರ್ಗವಿಲ್ಲ.

೪. ನಿಲ್ಲುವ ಲೆಕ್ಕ

ಯಾವ ವಸ್ತುವಾದರೂ ಅದರ ಗುರುತ್ವಕೇಂದ್ರದಿಂದ ಇಳಿಬಿಟ್ಟ ಗೆರೆಯು ಅದರ ನೆಲೆಯೊಳಗೆ ಬಿದ್ದರೆ ನಿಲ್ಲುವುದು, ಹೊರಗೆ ಬಿದ್ದರೆ ಉರುಳುವುದು. ಈ ಸೂತ್ರವನ್ನು ಎರಡನೆಯ ಮಾರ್ಗಕ್ಕೆ ಅನ್ವಯಿಸೋಣ.

ಗಡಿಯಾರದ ಅಗಲವು 36 ಮಿ.ಮೀ. ಎಂದಿಟ್ಟುಕೊಳ್ಳಿರಿ, ಕೇಂದ್ರವು ಕೆಳಗಿನ ಅಂಚಿನಿಂದ 18 ಮಿ.ಮೀ. ದೂರದಲ್ಲಿರುವುದು. ಗಡಿಯಾರವನ್ನು ನೆಟ್ಟಗಿನಿಂದ 20 ಡಿಗ್ರಿಯಷ್ಟು ಹಿಂದಕ್ಕೆ ಒರಗಿಸಿದರೆ ಕೇಂದ್ರವು ಮುಂದಿನ ಅಂಚಿನಿಂದ ಸುಮಾರು 6 ಮಿ.ಮೀ. ಹಿಂದೆಯೂ, ಮೇಜಿನಿಂದ ಸುಮಾರು 17 ಮಿ.ಮೀ. ಎತ್ತರದಲ್ಲಿಯೂ ಇರುವುದು. ಎಲೆಯ ಪಾದವನ್ನು ಮುಂದಿನ ಅಂಚಿನಿಂದ 18 ಮಿ.ಮೀ. ಹಿಂದೆ ಇಟ್ಟರೆ ಕೇಂದ್ರದ ಹಿಂದೆ 12 ಮಿ.ಮೀ. ನೆಲೆ ಉಳಿಯುವುದು. ಮೇಜನ್ನು ಹಿಂದಕ್ಕೆ 35 ಡಿಗ್ರಿ ಓರೆಮಾಡಿದಲ್ಲದೆ ಇದು ಹಿಂದಕ್ಕೆ ಬೀಳದು. ಮುಂದಕ್ಕೆ ಮಾತ್ರ ಎಷ್ಟು ಒರಗಿಸಿದೆವೋ ಅಷ್ಟೇ ರಕ್ಷೆ, ಎಂದರೆ 20 ಡಿಗ್ರಿ. ಐದೇ ಡಿಗ್ರಿ ಒರಗಿಸಿದರೆ ಯಾರಾದರೂ ಮೇಜಿಗೆ ಮೊಣಕೈ ತಾಗಿಸಿದೊಡನೆ ಗಡಿಯಾರವು ಮುಖ ಕೆಳಗಾಗಿ ಬಿದ್ದೀತು.

ಹಾಗಾದರೆ ಇನ್ನೂ ಹೆಚ್ಚಾಗಿ ಒರಗಿಸಬಾರದೇಕೆ ಎಂದು ಕೇಳಬಹುದು. ಅದಕ್ಕೆ ಕಣ್ಣು ಉತ್ತರ ಕೊಡುವುದು. ಮೇಜಿನ ಮುಂದೆ ಕುಳಿತು ಓದುವವಳ ಕಣ್ಣು ಗಡಿಯಾರಕ್ಕಿಂತ 35 ಸೆಂಟಿಮೀಟರ್ ಎತ್ತರದಲ್ಲಿಯೂ 60 ಸೆಂಟಿಮೀಟರ್ ದೂರದಲ್ಲಿಯೂ ಇದ್ದರೆ ಅವಳ ದೃಷ್ಟಿಯು ಸುಮಾರು 30 ಡಿಗ್ರಿ ಕೆಳಮುಖವಾಗಿರುವುದು. ಅವಳಿಗೆ 30 ಡಿಗ್ರಿ ಒರಗಿದ ಗಡಿಯಾರವೇ ನೇರವಾಗಿ ಕಾಣುವುದು. ಹಾಸಿಗೆಯಲ್ಲಿ ಮಲಗಿದವರ ಕಣ್ಣು ಗಡಿಯಾರದ ಮಟ್ಟಕ್ಕೇ ಇರುವುದರಿಂದ ಅವರಿಗೆ ನೆಟ್ಟಗೆ ನಿಂತದ್ದೇ ಅನುಕೂಲ. ಇಬ್ಬರಿಗೂ ನ್ಯಾಯವಾಗಬೇಕಾದರೆ 15ರಿಂದ 20 ಡಿಗ್ರಿಯು ಯುಕ್ತವಾದದ್ದು.

೫. ಓದುವ ಲೆಕ್ಕ

ಕೈಗಡಿಯಾರದ ಮುಖವು ಸಣ್ಣದು. ಅದು ದೂರಕ್ಕೆ ಕಾಣುವುದೇ? ಕಣ್ಣಿನ ವೈದ್ಯರು ಗೋಡೆಗೆ ತೂಗುಹಾಕುವ ಅಕ್ಷರಗಳ ಪಟವನ್ನು ನೀವು ನೋಡಿರುವಿರಿ. ಅದರಲ್ಲಿ ಆರೋಗ್ಯವಾದ ಕಣ್ಣು ಓದತಕ್ಕ ಅತ್ಯಂತ ಸಣ್ಣ ಅಕ್ಷರವು ಕಣ್ಣಿನಲ್ಲಿ ಒಂದು ಡಿಗ್ರಿಯ ಹನ್ನೆರಡನೆಯ ಒಂದು ಪಾಲಿನ ಕೋನವನ್ನು ಉಂಟುಮಾಡುವುದು. ಒಂದು ಮೀಟರ್ ದೂರದಲ್ಲಿ ಇದು ಸುಮಾರು 1.45 ಮಿ.ಮೀ. ಎತ್ತರಕ್ಕೆ ಸಮ.

ನಿಮಿಷದ ಮುಳ್ಳು 14 ಮಿ.ಮೀ. ಉದ್ದವಿದ್ದರೆ ಅದರ ತುದಿಯು ಒಂದು ನಿಮಿಷಕ್ಕೆ 6 ಡಿಗ್ರಿ ತಿರುಗುತ್ತ ಸುಮಾರು 1.47 ಮಿ.ಮೀ. ದೂರ ಸಾಗುವುದು. ಆದಕಾರಣ ಒಂದು ಮೀಟರ್ ದೂರದಿಂದ ಒಂದೊಂದು ನಿಮಿಷವನ್ನೂ ಗುರುತಿಸಬಹುದು. ಮೂರು ಮೀಟರ್ ದೂರಕ್ಕೆ ಹೋದರೆ ಒಂದು ನಿಮಿಷದ ಅಂತರವು ಕಣ್ಣಿಗೆ ಹಿಡಿಯುವುದು ಕಷ್ಟ. ಐದು ನಿಮಿಷದ ಅಂದಾಜು ಮಾತ್ರ ದೊರೆಯುವುದು. ಇದರಿಂದ ನಮಗೆ ಸಿದ್ಧವಾಗುವ ತತ್ತ್ವವೇನಂದರೆ: ಇಂಥ ಗಡಿಯಾರವು ಹಾಸಿಗೆಯ ಪಕ್ಕಕ್ಕೂ ಓದುವ ಮೇಜಿಗೂ ತಕ್ಕದ್ದು, ಪಡಸಾಲೆಯ ಗೋಡೆಗೆ ತಕ್ಕದ್ದಲ್ಲ. ತನ್ನ ಮಿತಿಯನ್ನು ಬಲ್ಲ ಉಪಕರಣವು ಆ ಮಿತಿಯೊಳಗೆ ಪೂರ್ಣವಾದ ಸೇವೆಯನ್ನು ಮಾಡುವುದು.

ಮುಖದ ಬಣ್ಣಕ್ಕೂ ಮುಳ್ಳಿನ ಬಣ್ಣಕ್ಕೂ ಭೇದವು ಎದ್ದು ಕಾಣಬೇಕು. ಬಿಳಿಯ ಮುಖಕ್ಕೆ ಬೆಳ್ಳಿಯ ಮುಳ್ಳು ಅಂದವಾಗಿ ಕಾಣಬಹುದು. ಆದರೆ ಮೋಡ ಕವಿದ ಆಷಾಢದ ಬೆಳಗಿನಲ್ಲಿ ಅದು ಕಾಣದು. ಬಿಳಿಗೆ ಕಪ್ಪು ಮುಳ್ಳೇ ಲೇಸು.

೬. ಕತ್ತಲೆಯ ಬೆಳಕು

ರಾತ್ರಿಯಲ್ಲಿ ನಿಲ್ಲುವ ಗಡಿಯಾರಕ್ಕೆ ಕತ್ತಲೆಯಲ್ಲಿ ಹೊಳೆಯುವ ಬಣ್ಣ ಬೇಕಾಗುವುದು. ಈ ಬಣ್ಣದ ಚರಿತ್ರೆಯಲ್ಲಿ ಹೆಣ್ಣುಮಕ್ಕಳ ಕಣ್ಣೀರಿದೆ. ಅಮೆರಿಕಾ ದೇಶದಲ್ಲಿ 1917ರಿಂದ ಗಡಿಯಾರದ ಮುಖಗಳಿಗೆ ರೇಡಿಯಂ ಸೇರಿದ ಬಣ್ಣವನ್ನು ಬಳಿಯುವ ಕೆಲಸಕ್ಕೆ ಎಳೆಯ ಹೆಂಗಸರನ್ನು ಇಟ್ಟುಕೊಂಡರು. ಕುಂಚದ ತುದಿಯನ್ನು ಚೂಪುಮಾಡುವುದಕ್ಕಾಗಿ ತುಟಿಗಳ ನಡುವೆ ಇಟ್ಟುಕೊಳ್ಳಬೇಕೆಂದು ಅವರಿಗೆ ಕಲಿಸಿದ್ದರು. ಅದರಿಂದ ಅಪಾಯವಿಲ್ಲವೆಂದೂ ಹೇಳಿದ್ದರು. ಆ ಧಾತುವು ಎಲುಬುಗಳಲ್ಲಿ ಸೇರಿ ದವಡೆಗಳು ಕೊಳೆತು ಹಲವರು ಪ್ರಾಣಬಿಟ್ಟರು. ನ್ಯೂಜೆರ್ಸಿಯಲ್ಲಿ ಗ್ರೇಸ್ ಫ್ರಯರ್ ಮೊದಲಾದ ಐವರು ಕಾರ್ಮಿಕ ಸ್ತ್ರೀಯರು ನ್ಯಾಯಾಲಯಕ್ಕೆ ಹೋದರು. ನಡೆಯಲಾರದಷ್ಟು ದುರ್ಬಲರಾಗಿದ್ದರೂ ಬಿಡದೆ ಹೋರಾಡಿದ್ದರಿಂದ 1928ರಲ್ಲಿ ಅವರಿಗೆ ಪರಿಹಾರವು ದೊರೆಯಿತು. ಮುಂದೆ ಕೆಲಸಗಾರರ ರಕ್ಷಣೆಗಾಗಿ ಹುಟ್ಟಿದ ನಿಯಮಗಳಿಗೆ ಈ ಹೋರಾಟವು ದಾರಿಮಾಡಿತು.

ರೇಡಿಯಂ ಅರ್ಧಕ್ಕೆ ಇಳಿಯುವುದಕ್ಕೆ ಸುಮಾರು 1,600 ವರ್ಷಗಳು ಬೇಕು. ಆದಕಾರಣ ಹಳೆಯ ಕಾಲದ ಹೊಳೆಯುವ ಗಡಿಯಾರವು ಪೆಟ್ಟಿಗೆಯಲ್ಲಿ ಸಿಕ್ಕಿದರೆ, ಅದರ ಹೊಳಪು ಆರಿದ್ದರೂ, ಅದನ್ನು ತೆರೆಯುವುದಾಗಲಿ ಬಣ್ಣವನ್ನು ಕೆರೆಯುವುದಾಗಲಿ ಕೂಡದು. ಈಗಿನ ಗಡಿಯಾರಗಳಲ್ಲಿ 1993ರಲ್ಲಿ ಜಪಾನಿನಲ್ಲಿ ಸಿದ್ಧವಾದ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಎಂಬ ಬಣ್ಣವು ಬಳಕೆಯಲ್ಲಿದೆ. ಇದು ಬೆಳಕನ್ನು ಹೀರಿಕೊಂಡು ಕತ್ತಲೆಯಲ್ಲಿ ಮೆಲ್ಲಗೆ ಬಿಡುವುದು, ವಿಕಿರಣದ ಭಯವಿಲ್ಲ. ಮಲಗುವ ಮುನ್ನ ಗಡಿಯಾರವನ್ನು ಸ್ವಲ್ಪ ಹೊತ್ತು ದೀಪದ ಎದುರಿನಲ್ಲಿ ನಿಲ್ಲಿಸುವುದು ಒಳ್ಳೆಯದು. ಅಂಗಿಯ ತೋಳಿನೊಳಗಿದ್ದ ಗಡಿಯಾರಕ್ಕೆ ಈ ಬೆಳಕು ಸಿಕ್ಕದು. ಪೀಠದ ಮೇಲಿರುವುದಕ್ಕೆ ಸಿಕ್ಕುವುದು.

೭. ಮಲೆನಾಡಿನ ತೇವ

ನಮ್ಮ ಸೀಮೆಯಲ್ಲಿ ಗಡಿಯಾರಕ್ಕೆ ದೊಡ್ಡ ಶತ್ರುವು ತೇವ. ಒಳಗೆ ಸೇರಿದ ತೇವದ ಗಾಳಿಯು ಗಾಜು ತಣ್ಣಗಾದಾಗ ಮಂಜಾಗಿ ನಿಲ್ಲುವುದು. ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಯುವುದು. ಹೀಗಿರಲಾಗಿ ಮಡಚುವ ಎಲೆಯನ್ನು ರಚಿಸುವವರು ಒಂದು ನಿಯಮವನ್ನು ತಪ್ಪದೆ ಪಾಲಿಸಬೇಕು: ತಿರುಗುವ ಕೀಲು ಬೇರೆ, ನೀರು ತಡೆಯುವ ಕವಚ ಬೇರೆ. ಯಂತ್ರದ ಮುಚ್ಚಳವನ್ನೇ ಕಾಲನ್ನಾಗಿ ಮಾಡಿ ದಿನಕ್ಕೆ ಎರಡು ಬಾರಿ ತೆರೆದು ಮುಚ್ಚಿದರೆ ವರ್ಷಕ್ಕೆ 730 ಬಾರಿ, ಹತ್ತು ವರ್ಷಕ್ಕೆ 7,300 ಬಾರಿ ತೆರೆದಂತಾಗುವುದು. ಒಳಗಿನ ರಬ್ಬರ್ ಉಂಗುರವು ಅಷ್ಟನ್ನು ತಾಳಲಾರದು. ಮುಚ್ಚಳವು ಭದ್ರವಾಗಿ ಮುಚ್ಚಿಯೇ ಇದ್ದು, ಅದರ ಹೊರಗೆ ಎಲೆಯು ಕೀಲಿನ ಮೇಲೆ ಆಡುವಂತಿರಬೇಕು. ಕೀಲು ಸವೆದರೆ ಕೀಲನ್ನು ಮಾತ್ರ ಬದಲಾಯಿಸಬಹುದು.

ಗಡಿಯಾರದೊಳಗೆ ತೇವವಿದೆಯೇ ಎಂದು ಕಾರ್ಖಾನೆಗಳಲ್ಲಿ ಪರೀಕ್ಷಿಸುವ ಕ್ರಮವು ಸರಳವಾದದ್ದು. ಗಡಿಯಾರವನ್ನು ಸುಮಾರು 40 ಡಿಗ್ರಿಗೆ ಬೆಚ್ಚಗೆ ಮಾಡಿ ಗಾಜಿನ ಮೇಲೆ ತಣ್ಣೀರಿನ ಒಂದು ಹನಿಯನ್ನು ಇಡುವರು. ಒಂದು ನಿಮಿಷದ ಮೇಲೆ ಒರೆಸಿ ನೋಡಿದಾಗ ಗಾಜಿನ ಒಳಮೈಯಲ್ಲಿ ಮಂಜು ಕಂಡರೆ ನೀರು ಸೇರಿದೆಯೆಂದು ಅರ್ಥ.

ಪಟ್ಟಿಯ ವಿಷಯದಲ್ಲಿಯೂ ಒಂದು ಲಾಭವುಂಟು. ಮಳೆಗಾಲದಲ್ಲಿ ತೊಗಲಿನ ಪಟ್ಟಿಯು ಬೆವರು ತೇವಗಳಿಂದ ಬೂಷ್ಟು ಹಿಡಿಯುವುದು. ರಾತ್ರಿ ಕೈಯಿಂದ ತೆಗೆದು ಗಾಳಿಯಾಡುವಂತೆ ನಿಲ್ಲಿಸಿದರೆ ಪಟ್ಟಿಯೂ ಒಣಗುವುದು, ಮಣಿಕಟ್ಟಿನ ಚರ್ಮಕ್ಕೂ ವಿಶ್ರಾಂತಿ ದೊರೆಯುವುದು.

೮. ನಿಲುವೂ ನಡೆಯೂ

ಕೀಲಿ ಕೊಡುವ ಗಡಿಯಾರವು ಎಲ್ಲ ನಿಲುವಿನಲ್ಲಿಯೂ ಒಂದೇ ವೇಗದಿಂದ ನಡೆಯದು. ಮಲಗಿಸಿದಾಗ ಅದರ ತೂಗುಚಕ್ರದ ಅಚ್ಚು ತನ್ನ ತುದಿಯ ಮೇಲೆ ನಿಂತು ತಿರುಗುವುದು, ಘರ್ಷಣೆ ಕಡಿಮೆ. ನಿಲ್ಲಿಸಿದಾಗ ಅಚ್ಚಿನ ಮಗ್ಗುಲು ಕಲ್ಲಿನ ರಂಧ್ರಕ್ಕೆ ಉಜ್ಜುವುದು, ಘರ್ಷಣೆ ಹೆಚ್ಚು. ಚಕ್ರದ ಒಂದು ಕಡೆ ಕೂದಲೆಳೆಯಷ್ಟು ಭಾರ ಹೆಚ್ಚಿದ್ದರೂ ನಿಂತ ನಿಲುವಿನಲ್ಲಿ ಅದರ ಪರಿಣಾಮವು ತೋರುವುದು. ಇದನ್ನು ಸರಿಪಡಿಸುವುದಕ್ಕಾಗಿಯೇ ಮೇಲೆ ಹೇಳಿದ ಬ್ರೆಗೆಯು ತೂಗುಚಕ್ರವನ್ನು ಪಂಜರದೊಡನೆ ತಿರುಗಿಸುವ ಟೂರ್ಬಿಯಾನ್ ಎಂಬ ಯುಕ್ತಿಗೆ 1801ರಲ್ಲಿ ಹಕ್ಕುಪತ್ರ ಪಡೆದನು.

ನಮಗೆ ಅಷ್ಟು ದೊಡ್ಡ ಯುಕ್ತಿ ಬೇಕಾಗಿಲ್ಲ. ಗಡಿಯಾರವು ಕೈಯಲ್ಲಿರುವಾಗ ದಿನಕ್ಕೆ 6 ಸೆಕೆಂಡು ಮುಂದೆ ಹೋಗುವ ವೇಗದಿಂದಲೂ, ಪೀಠದ ಮೇಲೆ ನಿಂತಿರುವಾಗ ದಿನಕ್ಕೆ 12 ಸೆಕೆಂಡು ಹಿಂದೆ ಬೀಳುವ ವೇಗದಿಂದಲೂ ನಡೆಯುವುದೆಂದು ಭಾವಿಸಿರಿ. 16 ಗಂಟೆ ಕೈಯಲ್ಲಿದ್ದರೆ 4 ಸೆಕೆಂಡು ಲಾಭ. 8 ಗಂಟೆ ನಿಂತರೆ 4 ಸೆಕೆಂಡು ನಷ್ಟ. ಬೆಳಿಗ್ಗೆ ಎದ್ದಾಗ ಲೆಕ್ಕವು ಸರಿಹೋಗುವುದು. ಎಲ್ಲ ಗಡಿಯಾರಗಳೂ ಹೀಗೆ ಅಚ್ಚುಕಟ್ಟಾಗಿ ಹೊಂದಿಕೊಳ್ಳವು. ಆದರೆ ರಾತ್ರಿಯ ನಿಲುವನ್ನು ಬದಲಾಯಿಸಿ ನೋಡಿ ಹಗಲಿನ ತಪ್ಪನ್ನು ಕಡಿಮೆ ಮಾಡುವುದು ಹಲವು ಗಡಿಯಾರಗಳಲ್ಲಿ ಸಾಧ್ಯ. ಸೆಲ್ಲಿನಿಂದ ನಡೆಯುವ ಕ್ವಾರ್ಟ್ಸ್ ಗಡಿಯಾರಕ್ಕೆ ಈ ನಿಲುವಿನ ದೋಷವಿಲ್ಲ. ಅದರ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುವುದು. ಚಳಿಯಲ್ಲಿ ಅದು ತುಸು ನಿಧಾನವಾದರೂ ನಷ್ಟವು ದಿನಕ್ಕೆ ಒಂದು ಸೆಕೆಂಡಿಗಿಂತಲೂ ಕಡಿಮೆ.

೯. ಮರದ ಮಣಿಕಟ್ಟು: ಮಾಡಿ ನೋಡತಕ್ಕ ಪಾಠ

ಈಗ ಮೂರನೆಯ ಮಾರ್ಗದಲ್ಲಿ ಒಂದು ಪೀಠವನ್ನು ಮಾಡೋಣ. ಹಳೆಯ ಕಾಫಿ ಗಿಡಗಳನ್ನು ಕಿತ್ತಾಗ ದೊರೆಯುವ ಬೊಡ್ಡೆಯು ಗಟ್ಟಿಯಾಗಿಯೂ ನುಣುಪಾಗಿಯೂ ಇರುವುದರಿಂದ ಇದಕ್ಕೆ ಯೋಗ್ಯ. ಅದಿಲ್ಲವಾದರೆ ಹಲಸಿನ ಚೂರೂ ಆದೀತು. ಹಸಿಯ ಮರ ಬೇಡ. ಒಣಗುವಾಗ ಅದು ಕುಗ್ಗಿ ಬಿರಿಯುವುದು.

ಮೊದಲು ದಾರದಿಂದ ಮಣಿಕಟ್ಟನ್ನು ಅಳೆಯಿರಿ. ಸುತ್ತಳತೆಯು 150 ಮಿ.ಮೀ. ಇದ್ದರೆ ಅದನ್ನು 3.14ರಿಂದ ಭಾಗಿಸಿದಾಗ ಅಡ್ಡಗಲವು ಸುಮಾರು 48 ಮಿ.ಮೀ. ಆಗುವುದು. ಇದಕ್ಕಿಂತ ಸ್ವಲ್ಪ ಕಡಿಮೆ, ಎಂದರೆ 44 ಮಿ.ಮೀ. ಅಡ್ಡಗಲವೂ 50 ಮಿ.ಮೀ. ಉದ್ದವೂ ಉಳ್ಳ ಒಂದು ಉರುಳೆಯನ್ನು ಮಾಡಿಸಿ ಅದಕ್ಕೆ ಹತ್ತಿಯ ಬಟ್ಟೆಯನ್ನು ಬಿಗಿಯಾಗಿ ಸುತ್ತಿರಿ. ಉರುಳೆಯನ್ನು ಅಡ್ಡವಾಗಿ, ಒಂದು ತುದಿಗೆ ಮಾತ್ರ ಕಂಬವಿರುವಂತೆ, ಹಲಗೆಯ ಮೇಲೆ ನಿಲ್ಲಿಸಿರಿ. ಇನ್ನೊಂದು ತುದಿಯು ತೆರೆದಿರಬೇಕು. ಕೊಂಡಿ ಹಾಕಿದ ಗಡಿಯಾರವನ್ನು ಆ ತುದಿಯಿಂದ ಬಳೆಯನ್ನು ಏರಿಸುವಂತೆ ಏರಿಸಬಹುದು. ಉರುಳೆಗೂ ಹಲಗೆಗೂ ನಡುವೆ 20 ಮಿ.ಮೀ. ತೆರವಿದ್ದರೆ ಪಟ್ಟಿಯ ಕೊಂಡಿಯು ತಾಗದು.

ಗಡಿಯಾರದ ಭಾರವು ಉರುಳೆಯ ನಡುಗೆರೆಯಿಂದ ಸುಮಾರು 27 ಮಿ.ಮೀ. ಮುಂದೆ ಇರುವುದರಿಂದ ಹಲಗೆಯು ನಡುಗೆರೆಯ ಮುಂದೆ 40 ಮಿ.ಮೀ.ಯೂ ಹಿಂದೆ ಅಷ್ಟೇಯೂ ಚಾಚಿರಬೇಕು. ಅಗಲವೂ 80 ಮಿ.ಮೀ. ಇದ್ದರೆ ಪೀಠವು ಮಗುಚಿಕೊಳ್ಳದು. ಈ ಪೀಠದ ವಿಶೇಷ ಗುಣವೇನಂದರೆ, ಗಡಿಯಾರವನ್ನು ಉರುಳೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರಿಸಿ ಓದುವವಳಿಗೆ 30 ಡಿಗ್ರಿ, ಮಲಗಿದವರಿಗೆ ನೆಟ್ಟಗೆ, ಹೀಗೆ ಬೇಕಾದ ಓರೆಯನ್ನು ಕೊಡಬಹುದು. ಹನ್ನೆರಡರ ಗುರುತು ಯಾವಾಗಲೂ ಮೇಲೆಯೇ ಇರುವುದು. ಕೀಲಿಯ ಗುಂಡಿಯೂ ಯಾವುದಕ್ಕೂ ಒತ್ತದು. ಗಡಿಯಾರದಲ್ಲಿ ಎಚ್ಚರಿಸುವ ಗಂಟೆಯಿದ್ದರೆ ಬಟ್ಟೆಯನ್ನು ತೆಗೆದು, ಹಲಗೆಯ ಬದಲು ತೆಳುವಾದ ಪೊಳ್ಳು ಪೆಟ್ಟಿಗೆಯನ್ನು ಹಾಕಿರಿ. ತಂಬೂರಿಯ ಬುರುಡೆಯು ತಂತಿಯ ಸಣ್ಣ ನಾದವನ್ನು ದೊಡ್ಡದು ಮಾಡುವಂತೆ ಆ ಪೆಟ್ಟಿಗೆಯು ಗಡಿಯಾರದ ಕ್ಷೀಣವಾದ ದನಿಯನ್ನು ಹೆಚ್ಚಿಸುವುದು.

೧೦. ಉಪಸಂಹಾರ

ಯಂತ್ರಗಳ ವಿನ್ಯಾಸವೆಂಬುದು ದೊಡ್ಡ ಕಾರ್ಖಾನೆಗಳಲ್ಲಿ ಪರದೇಶದವರು ಮಾಡುವ ಕೆಲಸ, ನಮಗೇನು ಎಂದು ನಮ್ಮಲ್ಲಿ ಅನೇಕರು ಭಾವಿಸುವರು. ಆದರೆ ಈ ಪಾಠದಲ್ಲಿ ನಮಗೆ ಬೇಕಾದುವು ಒಂದು ದಾರ, ಒಂದು ಅಳತೆಗೋಲು, ತ್ರಿಕೋನದ ಸ್ವಲ್ಪ ಗಣಿತ, ಮತ್ತು ಮನೆಯಲ್ಲಿ ಯಾರಿಗೆ ಯಾವಾಗ ಏನು ಬೇಕೆಂಬ ತಿಳಿವಳಿಕೆ ಇಷ್ಟೇ. ಈ ಕಡೆಯದು ಯಾವ ಕಾರ್ಖಾನೆಯವರಿಗಿಂತಲೂ ನಿಮಗೆ ಹೆಚ್ಚಾಗಿ ಇದೆ. ಕೈಗಡಿಯಾರವನ್ನು ಹುಟ್ಟಿಸಿದ್ದು ಒಬ್ಬ ಸ್ತ್ರೀಯ ಬೇಡಿಕೆ; ಅದರ ಭಾಗಗಳನ್ನು ಜೋಡಿಸಿದ್ದು ಅನೇಕ ಸ್ತ್ರೀಯರ ಬೆರಳುಗಳು; ಅದರ ಬೆಳಕಿಗಾಗಿ ನೊಂದದ್ದೂ ಸ್ತ್ರೀಯರೇ. ಇನ್ನು ಅದರ ರೂಪವನ್ನು ನಿರ್ಣಯಿಸುವವರೂ ನೀವೇ ಆಗಬಾರದೇಕೆ?

ಬೆಟ್ಟದ ಪ್ರಸಂಗದಲ್ಲಿ ಬರುವ ದೀಪದ ಸಾಮ್ಯವನ್ನು ನೀವೆಲ್ಲರೂ ಬಲ್ಲಿರಿ. ದೀಪವು ಎಷ್ಟೇ ಚಿಕ್ಕದಾಗಿರಲಿ, ಅದನ್ನು ಎಲ್ಲಿ ಇಡುವೆವೆಂಬುದರಿಂದಲೇ ಮನೆಯವರಿಗೆ ಅದರ ಪ್ರಯೋಜನವು ಏರ್ಪಡುವುದು. ನಿಮ್ಮ ವಿದ್ಯೆಯೂ ಹಾಗೆಯೇ. ಹಗಲಿನಲ್ಲಿ ಅದು ನಿಮ್ಮ ಕೈಯ ಅಲಂಕಾರವಾಗಿರಲಿ. ಮನೆಗೆ ಬಂದಾಗ ಎಲ್ಲರ ಕಣ್ಣಿಗೂ ಕಾಣುವಂತೆ ಪೀಠದ ಮೇಲೆ ನಿಲ್ಲಲಿ.

ಅಭ್ಯಾಸ

1. ಗಡಿಯಾರದ ಅಗಲವು 30 ಮಿ.ಮೀ. ಇದ್ದು 20 ಡಿಗ್ರಿ ಒರಗಿಸಿದರೆ ಗುರುತ್ವಕೇಂದ್ರವು ಮುಂದಿನ ಅಂಚಿನಿಂದ ಎಷ್ಟು ಹಿಂದೆ ಇರುವುದು?

2. ನಿಮಿಷದ ಮುಳ್ಳು 10 ಮಿ.ಮೀ. ಉದ್ದವಿದ್ದರೆ ಅದರ ತುದಿಯು ನಿಮಿಷಕ್ಕೆ ಎಷ್ಟು ದೂರ ಸಾಗುವುದು? ಎಷ್ಟು ದೂರದಿಂದ ಒಂದೊಂದು ನಿಮಿಷವನ್ನು ಗುರುತಿಸಬಹುದು?

3. ಕೀಲಿ ಕೊಡುವ ಗಡಿಯಾರವು ಮನೆಯಲ್ಲಿದ್ದರೆ ಒಂದು ವಾರ ರಾತ್ರಿ ಮಲಗಿಸಿಯೂ, ಇನ್ನೊಂದು ವಾರ ನಿಲ್ಲಿಸಿಯೂ ಇಟ್ಟು, ಪ್ರತಿದಿನವೂ ಆಕಾಶವಾಣಿಯ ಸಮಯದೊಡನೆ ಹೋಲಿಸಿ ಭೇದವನ್ನು ಬರೆಯಿರಿ.

4. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಯಾರು? ಅವರು ಮಲಗುವ ಸ್ಥಳದಿಂದ ಗಡಿಯಾರವನ್ನು ನಿಲ್ಲಿಸತಕ್ಕ ಸ್ಥಳದ ದೂರವನ್ನೂ ಕಣ್ಣಿನ ಎತ್ತರವನ್ನೂ ಅಳೆದು, ಅವರಿಗೆ ತಕ್ಕ ಪೀಠದ ಚಿತ್ರವನ್ನು ಅಳತೆಗಳೊಡನೆ ಬರೆಯಿರಿ. ಸಾಧ್ಯವಾದರೆ ಅದನ್ನು ಮಾಡಿ ಅವರಿಗೇ ಕೊಡಿರಿ.